ನೀರಿನ ವರದಿಯನ್ನು ಎಷ್ಟು ನಂಬಬಹುದು?

ಮಳೆಗಾಲ ಕಾಲಿಟ್ಟಿತೆಂದರೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗಳೂ ಅದರ ಬೆನ್ನಿಗೇ ಬರುತ್ತವೆ. ಈ ಮೂರೂ ಕಲುಷಿತ ನೀರಿನಿಂದ ಹರಡಬಲ್ಲ ರೋಗಗಳು. "ನಮ್ಮೂರಿನ ನೀರನ್ನು ಪರೀಕ್ಷೆಗೆ ಕಳಿಸಿದ್ದೆವು, ಕುಡಿಯಲು ಯೋಗ್ಯ ಎಂದು ವರದಿ ಬಂದಿದೆ" ಎಂಬ ಮಾತನ್ನು ನೀವು ಪಂಚಾಯಿತಿ ಕಚೇರಿಯಲ್ಲೋ ಶಾಲೆಯಲ್ಲೋ ಕೇಳಿರಬಹುದು. ಕೇಳಿದಾಗ ಸಮಾಧಾನವಾಗುವುದು ಸಹಜ. ಆದರೆ ಆ ವರದಿ ಯಾವ ದಿನದ ನೀರಿನದು? ಯಾವ ನಲ್ಲಿಯದು? ಶೀಷೆಯಲ್ಲಿ ಎಷ್ಟು ಹೊತ್ತು ಇದ್ದ ನೀರು ಅದು? ಇವೇ ಪ್ರಶ್ನೆಗಳನ್ನು ದಿನವೂ ಕೇಳುತ್ತಿರುವುದು ನೀರು ಪರೀಕ್ಷಾ ಪ್ರಯೋಗಾಲಯದ ಮೇಲ್ವಿಚಾರಕರ ಕೆಲಸ. ಅವನ್ನು ನೀವೂ ಕೇಳಬೇಕು.

ಹುಡುಕುವುದು ಏನನ್ನು?

ನೀರಿನಲ್ಲಿ ಇರಬಹುದಾದ ಎಲ್ಲ ರೋಗಾಣುಗಳನ್ನೂ ಒಂದೊಂದಾಗಿ ಹುಡುಕಲು ಸಾಧ್ಯವಿಲ್ಲ. ಅದಕ್ಕಾಗಿ ಪ್ರಯೋಗಾಲಯದವರು ಒಂದು ಗುರುತಿನ ಜೀವಿಯನ್ನು ಹುಡುಕುತ್ತಾರೆ. ಅದೇ ಇ-ಕೋಲಿ. ಮನುಷ್ಯರ ಮತ್ತು ದನಕರುಗಳಂತಹ ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ಇದು ವಾಸಿಸುತ್ತದೆ. ಇದರ ಬಹುತೇಕ ಬಗೆಗಳು ನಿರುಪದ್ರವಿ. ಆದರೆ ಕುಡಿಯುವ ನೀರಿನಲ್ಲಿ ಇದು ಸಿಕ್ಕಿತೆಂದರೆ ಮಲ ಆ ನೀರಿಗೆ ಸೇರಿದೆ ಎಂದೇ ಅರ್ಥ. ಮಲ ಸೇರಿದ ಕಡೆ ಕಾಲರಾ, ಟೈಫಾಯ್ಡ್, ಕಾಮಾಲೆಯ ರೋಗಾಣುಗಳೂ ಸೇರಬಹುದು. ಆದ್ದರಿಂದಲೇ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೇ ಒಂದು ಇ-ಕೋಲಿಯೂ ಕಾಣಬಾರದು. ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಮೊದಲಾದವುಗಳಿಗೂ ಮಿತಿಗಳಿವೆ. ಅವು ಹೆಚ್ಚಾಗಿ ನಿಧಾನವಾಗಿ ತೊಂದರೆ ಕೊಡುತ್ತವೆ. ರೋಗಾಣುಗಳಾದರೆ ಕೆಲವೇ ದಿನಗಳಲ್ಲಿ ಊರನ್ನೇ ಹಾಸಿಗೆ ಹಿಡಿಸಬಲ್ಲವು.

ಶೀಷೆ ತುಂಬುವಾಗಲೇ ಎಚ್ಚರ

ಶನಿವಾರಸಂತೆಯಂತಹ ಊರನ್ನೇ ತೆಗೆದುಕೊಳ್ಳಿ. ಇಲ್ಲಿಂದ ಮಾದರಿಯ ಶೀಷೆ ಜಿಲ್ಲಾ ಕೇಂದ್ರವಾದ ಮಡಿಕೇರಿಗೆ ಹೋಗಬೇಕಾದರೆ ಸೋಮವಾರಪೇಟೆ ದಾಟಿ ಘಟ್ಟದ ದಾರಿಯಲ್ಲಿ ಸಾಗಬೇಕು. ರೋಗಾಣು ಪರೀಕ್ಷೆಯ ನೀರನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಸಾಧ್ಯವಾದರೆ ಆರು ಗಂಟೆಗಳೊಳಗೆ, ಹೆಚ್ಚೆಂದರೆ 24 ಗಂಟೆಗಳೊಳಗೆ ಪರೀಕ್ಷೆಗೆ ಹಚ್ಚಬೇಕು. ಸಂತೆಯ ದಿನ ಶನಿವಾರ ತುಂಬಿದ ಶೀಷೆ, ಭಾನುವಾರದ ರಜೆ ಕಳೆದು ಸೋಮವಾರ ಪ್ರಯೋಗಾಲಯ ತಲುಪಿದರೆ ಅದರಲ್ಲಿನ ಸೂಕ್ಷ್ಮಜೀವಿಗಳು ಹೆಚ್ಚಿರಬಹುದು, ಸತ್ತಿರಲೂಬಹುದು. ಆ ಫಲಿತಾಂಶದಿಂದ ಏನನ್ನೂ ಹೇಳುವಂತಿಲ್ಲ. ಅಂತಹ ಶೀಷೆಯನ್ನು ತಿರಸ್ಕರಿಸಿ, ಬೇರೆ ಮಾದರಿ ತರಿಸುವುದು ಒಳ್ಳೆಯ ಮೇಲ್ವಿಚಾರಕರ ಲಕ್ಷಣ.

ಇನ್ನೊಂದು ಸೂಕ್ಷ್ಮವಿದೆ. ಬ್ಲೀಚಿಂಗ್ ಪೌಡರ್ ಹಾಕಿದ ನೀರಿನಲ್ಲಿ ಕ್ಲೋರಿನ್ ಉಳಿದಿರುತ್ತದೆ. ದಾರಿಯುದ್ದಕ್ಕೂ ಅದು ಶೀಷೆಯೊಳಗಿನ ಜೀವಿಗಳನ್ನು ಕೊಲ್ಲುತ್ತಲೇ ಇರುತ್ತದೆ. ನಲ್ಲಿಯಲ್ಲಿ ಕೆಟ್ಟದಾಗಿದ್ದ ನೀರು ಪ್ರಯೋಗಾಲಯ ತಲುಪುವಾಗ ಒಳ್ಳೆಯದಾಗಿ ಕಂಡೀತು! ಇದನ್ನು ತಡೆಯಲು ಶುದ್ಧೀಕರಿಸಿದ ಶೀಷೆಯಲ್ಲಿ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಅದು ಕ್ಲೋರಿನ್ನನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸುತ್ತದೆ. ಮನೆಯ ಬಿಸ್ಲೇರಿ ಬಾಟಲಿಯಲ್ಲಿ ನೀರು ತುಂಬಿ ಕಳಿಸಿದರೆ ಆಗದು ಎನ್ನುವುದು ಇದಕ್ಕೇ.

ಮಾದರಿ ತೆಗೆಯುವ ಜಾಗವೂ ಮುಖ್ಯ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದ ಬೆನ್ನಿಗೇ ಅದರ ಬುಡದಲ್ಲಿ ನೀರು ಹಿಡಿದರೆ ಫಲಿತಾಂಶ ಒಳ್ಳೆಯದೇ ಬರುತ್ತದೆ. ಆದರೆ ಪೈಪು ಒಡೆದು ಚರಂಡಿ ನೀರು ಒಳಸೇರುವುದು ದಾರಿಯ ಮಧ್ಯದಲ್ಲಿ. ಆದ್ದರಿಂದ ಕೊನೆಯ ಬೀದಿಯ ಕೊನೆಯ ನಲ್ಲಿಯ ನೀರನ್ನೂ ಪರೀಕ್ಷಿಸಬೇಕು.

ಪ್ರಯೋಗಾಲಯದ ಒಳಗೆ

ಬಹಳ ಕಾಲದಿಂದ ಬಳಕೆಯಲ್ಲಿರುವ ವಿಧಾನದಲ್ಲಿ ನೀರನ್ನು ಪೋಷಕ ದ್ರಾವಣವಿರುವ ಗಾಜಿನ ನಳಿಕೆಗಳಿಗೆ ಹಾಕಿ, ಸುಮಾರು ನಮ್ಮ ದೇಹದ ಉಷ್ಣತೆಯಲ್ಲಿ 24ರಿಂದ 48 ಗಂಟೆ ಇಡುತ್ತಾರೆ. ಕೋಲಿಫಾರಂ ಜೀವಿಗಳಿದ್ದರೆ ನೇರಳೆ ದ್ರಾವಣ ಹಳದಿಯಾಗಿ, ಒಳಗಿನ ಪುಟ್ಟ ನಳಿಕೆಯಲ್ಲಿ ಅನಿಲದ ಗುಳ್ಳೆ ಕಾಣುತ್ತದೆ. ಅದು ಇ-ಕೋಲಿಯೇ ಎಂದು ಖಚಿತಪಡಿಸಲು ಮತ್ತೆ ಒಂದು ದಿನವಾದರೂ ಬೇಕು.

ಈ ಉಷ್ಣಪೆಟ್ಟಿಗೆಯ ತಾಪಮಾನ ರಾತ್ರಿ ಕರೆಂಟು ಹೋದಾಗ ಇಳಿದಿತ್ತೇ? ದ್ರಾವಣದ ಅವಧಿ ಮುಗಿದಿದೆಯೇ? ಇದನ್ನು ತಿಳಿಯಲು ಪ್ರತಿ ಸರದಿಯಲ್ಲೂ ಎರಡು ಹೆಚ್ಚುವರಿ ನಳಿಕೆಗಳಿರಬೇಕು. ಒಂದರಲ್ಲಿ ಕ್ರಿಮಿಶುದ್ಧ ನೀರು, ಇನ್ನೊಂದರಲ್ಲಿ ಗೊತ್ತಿರುವ ಜೀವಿ. ಮೊದಲನೆಯದು ಬದಲಾಗಬಾರದು, ಎರಡನೆಯದು ಬದಲಾಗಲೇಬೇಕು. ಎರಡರಲ್ಲಿ ಒಂದು ತಪ್ಪಿದರೂ ಆ ದಿನದ ಫಲಿತಾಂಶಗಳನ್ನೆಲ್ಲ ಬದಿಗಿಡಬೇಕು. ಪ್ರಯೋಗಾಲಯ ಈ ಶಿಸ್ತನ್ನು ಪಾಲಿಸುತ್ತಿದೆಯೇ ಎಂದು ನೋಡಿ ಮಾನ್ಯತೆ ಕೊಡುವ ಸಂಸ್ಥೆಯೇ ಎನ್‌ಎಬಿಎಲ್. ಮಳೆಗಾಲದ ತಿಂಗಳಲ್ಲಿ ಬಂದ ಎಲ್ಲ ಮಾದರಿಗಳೂ "ಯೋಗ್ಯ" ಎಂದಾದರೆ ಅನುಭವಿ ಮೇಲ್ವಿಚಾರಕರಿಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಗಬೇಕು.

ಒಂದು ಸಣ್ಣ ಊರಿನ ಪಾಠ

ಕೆನಡಾ ದೇಶದ ವಾಕರ್ಟನ್ ಸುಮಾರು 4,800 ಜನರಿದ್ದ ಊರು. ಸುತ್ತ ಹೊಲಗಳು, ದನಗಳು. 2000ದ ಮೇ ತಿಂಗಳಲ್ಲಿ ಭಾರೀ ಮಳೆ ಸುರಿದು ಹೊಲದ ಸಗಣಿ ಗೊಬ್ಬರದ ನೀರು ಊರಿಗೆ ನೀರುಣಿಸುವ ಬಾವಿಯೊಂದಕ್ಕೆ ಇಳಿಯಿತು. ಅಲ್ಲಿನ ಸಿಬ್ಬಂದಿ ಕ್ಲೋರಿನ್ ಪ್ರಮಾಣವನ್ನು ದಿನವೂ ಅಳೆಯದೆ ಪುಸ್ತಕದಲ್ಲಿ ಅಂದಾಜಿನ ಅಂಕಿ ಬರೆಯುತ್ತಿದ್ದರು. ಎಷ್ಟೋ ಬಾರಿ ಮಾದರಿ ತೆಗೆದ ಜಾಗದ ಹೆಸರನ್ನೂ ತಪ್ಪಾಗಿ ನಮೂದಿಸುತ್ತಿದ್ದರು. ನೀರಿನಲ್ಲಿ ಇ-ಕೋಲಿ ಇದೆ ಎಂಬ ಪ್ರಯೋಗಾಲಯದ ವರದಿ ಮೇ 17ರಂದೇ ನೀರು ಸರಬರಾಜು ಕಚೇರಿಗೆ ತಲುಪಿತ್ತು. ಕಚೇರಿಯ ಮುಖ್ಯಸ್ಥರು ಅದನ್ನು ಮುಚ್ಚಿಟ್ಟು, ಆರೋಗ್ಯ ಇಲಾಖೆಗೆ ನೀರು ಸರಿಯಿದೆ ಎಂದರು. ಆರೋಗ್ಯ ಇಲಾಖೆಗೆ ನೇರವಾಗಿ ತಿಳಿಸಬೇಕೆಂಬ ನಿಯಮವಿಲ್ಲದ್ದರಿಂದ ಪ್ರಯೋಗಾಲಯವೂ ತಿಳಿಸಲಿಲ್ಲ. ನೀರು ಕುದಿಸಿ ಕುಡಿಯಿರಿ ಎಂದು ಆರೋಗ್ಯ ಇಲಾಖೆ ಸಾರಿದ್ದು ಮೇ 21ರಂದು. ಅಷ್ಟರಲ್ಲಿ ಬಹಳ ತಡವಾಗಿತ್ತು. ಒಟ್ಟು ಏಳು ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು.

ನಮ್ಮ ರಾಜ್ಯಕ್ಕೂ ಇಂತಹ ನೋವು ಹೊಸತಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಪ್ರಾಣ ಕಳೆದುಕೊಂಡಿದ್ದಾರೆ. ಪರೀಕ್ಷೆಯಲ್ಲಿ ನೀರು ಕೆಟ್ಟಿದೆ ಎಂದು ಕಂಡ ಕ್ಷಣವೇ ದೂರವಾಣಿ ಎತ್ತಬೇಕು. ವರದಿ ಟೈಪಾಗಿ, ಸಹಿ ಬಿದ್ದು, ಅಂಚೆಗೆ ಹೋಗುವವರೆಗೆ ಕಾಯುವಂತಿಲ್ಲ.

ವರದಿ ಬರುವವರೆಗೆ ಕಾವಲು ಯಾರು?

ಪ್ರಯೋಗಾಲಯದ ಉತ್ತರಕ್ಕೆ ಎರಡು ಮೂರು ದಿನ ಬೇಕು. ಜನ ನೀರು ಕುಡಿಯುವುದು ಇಂದೇ. ಈ ನಡುವಿನ ಕಾವಲುಗಾರ ಕ್ಲೋರಿನ್. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ಊರಿನಲ್ಲೇ ಕೆಲವು ನಿಮಿಷಗಳಲ್ಲಿ ಅಳೆಯಬಹುದು. ಹಿಂದೆ ಬಳಸುತ್ತಿದ್ದ ಆರ್ಥೋಟಾಲಿಡಿನ್ ದ್ರಾವಣ ಹಳದಿ ಬಣ್ಣ ಕೊಡುತ್ತಿತ್ತು. ಅದು ಆರೋಗ್ಯಕ್ಕೆ ಹಾನಿಕರವೆಂದು ತಿಳಿದ ಮೇಲೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಪರೀಕ್ಷೆಯನ್ನು ಶಿಫಾರಸು ಮಾಡುತ್ತಾರೆ.

ಕೊಡಗಿನ ಮಳೆಗೆ ಎರಡು ಎಚ್ಚರಿಕೆಗಳು ಅಗತ್ಯ. ಮಣ್ಣು ಬೆರೆತ ಬಗ್ಗಡ ನೀರು ಕ್ಲೋರಿನ್ನನ್ನು ನುಂಗಿಬಿಡುತ್ತದೆ, ಆದ್ದರಿಂದ ನೀರನ್ನು ಮೊದಲು ತಿಳಿಯಾಗಿಸಬೇಕು. ತೇವದ ಕೋಣೆಯಲ್ಲಿ ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಅಂತಹ ಪುಡಿಯನ್ನು ಲೆಕ್ಕದ ಪ್ರಕಾರ ಹಾಕಿದರೂ ನೀರಿನಲ್ಲಿ ಕ್ಲೋರಿನ್ ಸಾಕಷ್ಟು ಇರುವುದಿಲ್ಲ.

ನೀವೇನು ಮಾಡಬಹುದು?

* ಪಂಚಾಯಿತಿಯಲ್ಲಿ ನೀರಿನ ವರದಿ ಕೇಳಿ ನೋಡಿ. ಮಾದರಿ ತೆಗೆದ ದಿನ, ವೇಳೆ, ಜಾಗ, ಪ್ರಯೋಗಾಲಯ ತಲುಪಿದ ವೇಳೆ ಇವು ನಮೂದಾಗಿವೆಯೇ ಗಮನಿಸಿ.

* ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಅಳೆದ ಪುಸ್ತಕವಿದೆಯೇ ವಿಚಾರಿಸಿ. ತಿಂಗಳುಗಟ್ಟಲೆ ದಿನವೂ ಒಂದೇ ಅಂಕಿ ಇದ್ದರೆ ನಿಮ್ಮೆದುರೇ ಅಳೆಯುವಂತೆ ಕೇಳಿ.

* ಜಲ ಜೀವನ್ ಮಿಷನ್ ಯೋಜನೆಯಡಿ ಹಳ್ಳಿಗಳಲ್ಲಿ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಲಾಗಿದೆ. ರೋಗಾಣು ಪರೀಕ್ಷೆಯ ಪುಟ್ಟ ಶೀಷೆಯ ನೀರು ಒಂದೆರಡು ದಿನಗಳಲ್ಲಿ ಕಪ್ಪಾದರೆ ಅದನ್ನು ಕುಡಿಯಬೇಡಿ, ಕೂಡಲೇ ಪಂಚಾಯಿತಿಗೆ ತಿಳಿಸಿ.

* ಸ್ವಂತ ಬಾವಿಯಿದ್ದರೆ ಮಳೆ ಹಿಡಿದ ಮೇಲೊಮ್ಮೆ, ಕಾಫಿ ಪಲ್ಪಿಂಗ್ ಕಾಲದಲ್ಲೊಮ್ಮೆ ಪರೀಕ್ಷೆ ಮಾಡಿಸಿ. ತೋಟದ ಲೈನ್‌ಮನೆಗಳ ಬಾವಿಯನ್ನು ಮರೆಯಬೇಡಿ.

* ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ. ಕುದಿಸಿದ ನೀರಿಗೆ ಹಸಿ ತಣ್ಣೀರು ಬೆರೆಸಿದರೆ ಕುದಿಸಿದ್ದು ವ್ಯರ್ಥ. ಹೋಟೆಲಿನವರೂ ಇದನ್ನು ಗಮನಿಸಬೇಕು.

ಒಂದೇ ಬೀದಿಯ ಎರಡು ಮೂರು ಮನೆಗಳಲ್ಲಿ ವಾಂತಿಭೇದಿ ಕಂಡರೆ ಯಾವ ವರದಿಗೂ ಕಾಯಬೇಡಿ. ಕಾಯಿಲೆಯವರಿಗೆ ಓಆರ್‌ಎಸ್ ಕುಡಿಸಲು ಶುರುಮಾಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಬೀದಿಯವರೆಲ್ಲ ಕುದಿಸಿದ ನೀರನ್ನೇ ಕುಡಿಯಲಿ. ಆರೋಗ್ಯ ಕೇಂದ್ರಕ್ಕೆ ನೀವು ಕೊಡುವ ಸುದ್ದಿ ಪ್ರಯೋಗಾಲಯದ ಫಲಿತಾಂಶಕ್ಕಿಂತ ಎರಡು ದಿನ ಮೊದಲೇ ಊರನ್ನು ಎಚ್ಚರಿಸಬಲ್ಲದು.