ಹುಳು ಕಂಡರೆ ಸಾಲದು, ನೊಣ ಯಾವುದೆಂದು ತಿಳಿಯಬೇಕು

ಬೆಂಗಳೂರಿನ ಜಯನಗರ, ಬನಶಂಕರಿ ಕಡೆಯ ಹಳೆಯ ಮನೆಗಳ ಹಿತ್ತಲಲ್ಲಿ ಈಗಲೂ ಸೀಬೆ, ಮಾವಿನ ಮರಗಳಿವೆ. ಯಡಿಯೂರು, ಸಾರಕ್ಕಿ, ಕತ್ತರಿಗುಪ್ಪೆಗಳು ಬಡಾವಣೆಗಳೊಳಗೆ ಸೇರುವ ಮುನ್ನ ಹಳ್ಳಿಗಳೇ ಆಗಿದ್ದವು. ಊರು ಹೋದರೂ ಹುಳು ಹೋಗಿಲ್ಲ. ಜಯನಗರದ ಪರಿಚಿತರೊಬ್ಬರು ಹಿತ್ತಲಿನ ಸೀಬೆಹಣ್ಣು ತಂದು, "ಹೊರಗೆ ನೋಡಲು ಚೆನ್ನಾಗಿದೆ, ಕೊಯ್ದರೆ ಒಳಗೆಲ್ಲ ಹುಳು. ಏನು ಔಷಧಿ ಹೊಡೆಯಲಿ?" ಎಂದು ಕೇಳಿದರು. ಹಣ್ಣಿನ ಬುಟ್ಟಿಯ ಮೇಲೆ ಹಾರಾಡುವ ಸಣ್ಣ ನೊಣಗಳೇ ಇದಕ್ಕೆ ಕಾರಣವೆಂದು ಅವರ ನಂಬಿಕೆ.

ಹಳ್ಳಿಯಲ್ಲೂ ಹಲವರು ಹೀಗೆಯೇ ತಿಳಿದಿದ್ದಾರೆ. ಬುಟ್ಟಿಯ ಮೇಲಿನ ಆ ಕೆಂಗಣ್ಣಿನ ಪುಟ್ಟ ನೊಣ ಹುಳಿತ ಹಣ್ಣಿಗೆ ಬರುವಂಥದು. ಸೀಬೆ, ಮಾವಿನ ಗಟ್ಟಿ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುವುದಿಲ್ಲ. ಚುಚ್ಚುವ ಹಣ್ಣಿನ ನೊಣ ಹೆಚ್ಚುಕಡಿಮೆ ಮನೆನೊಣದ ಗಾತ್ರದ್ದು. ಹಳದಿ ಪಟ್ಟೆಗಳಿದ್ದು ಕಣಜದಂತೆ ಕಾಣುತ್ತದೆ. ಬಲಿತ ಹುಳು ಬಿಲ್ಲಿನಂತೆ ಬಾಗಿ ಚಿಮ್ಮಿದರೆ ಅದು ಈ ನೊಣದ್ದೆಂದು ಊಹಿಸಬಹುದು. ಆದರೆ ಯಾವ ಜಾತಿಯದೆಂದು ಬರಿಯ ಹುಳು ನೋಡಿ ಹೇಳುವುದು ಬಲ್ಲವರಿಗೂ ಕಷ್ಟ. ಅದನ್ನು ನೊಣವಾಗುವವರೆಗೆ ಸಾಕಬೇಕು.

ಇದಕ್ಕೆ ಖರ್ಚಿಲ್ಲ. ಅಗಲ ಬಾಯಿಯ ಸೀಸೆಯಲ್ಲಿ ಎರಡು ಬೆರಳು ಎತ್ತರ ತುಸು ತೇವದ ಮರಳು ಹಾಕಿ, ಮೇಲೆ ಹುಳುಕು ಹಣ್ಣಿಟ್ಟು, ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಹುಳುಗಳು ಮರಳಿಗಿಳಿದು ಕಂದು ಬಣ್ಣದ ಕೋಶಗಳಾಗುತ್ತವೆ. ಸುಮಾರು ಹತ್ತು ದಿನಕ್ಕೆ ನೊಣ ಹೊರಬರುತ್ತದೆ. ಅವಸರಪಟ್ಟು ಕೂಡಲೇ ಕೊಲ್ಲಬಾರದು. ಆಗತಾನೇ ಬಂದ ನೊಣ ಪೇಲವವಾಗಿರುತ್ತದೆ, ಗುರುತುಗಳು ಮೂಡಿರುವುದಿಲ್ಲ. ನಾಲ್ಕೈದು ದಿನ ಸಕ್ಕರೆ, ನೀರು ಕೊಟ್ಟರೆ ಬಣ್ಣ ನಿಲ್ಲುತ್ತದೆ. ಆಮೇಲೆ ಭೂತಗನ್ನಡಿ ಹಿಡಿಯಿರಿ.

ಆ ಸೀಬೆಯಿಂದ ಎರಡು ಬಗೆಯ ನೊಣ ಹೊರಟವು. ಒಂದರ ರೆಕ್ಕೆಯ ಮುಂಚಿನಲ್ಲಿ ಕಪ್ಪು ಪಟ್ಟಿ ತುದಿಯವರೆಗೂ ಕಡಿಯದೆ ಸಾಗಿತ್ತು, ಮುಖದಲ್ಲಿ ಎರಡು ದುಂಡು ಚುಕ್ಕೆ: ಇದು ಬ್ಯಾಕ್ಟ್ರೊಸೆರ ಡಾರ್ಸಾಲಿಸ್, ಹಳೆಯ ಪುಸ್ತಕಗಳ ಡೇಕಸ್ ಡಾರ್ಸಾಲಿಸ್. ಇನ್ನೊಂದರ ರೆಕ್ಕೆಪಟ್ಟಿ ನಡುವೆ ಕಡಿದು ತುದಿಯಲ್ಲಿ ಸಣ್ಣ ಚುಕ್ಕೆ ಮಾತ್ರ ಉಳಿದಿತ್ತು, ಮುಖದ ಚುಕ್ಕೆಗಳು ಅಡ್ಡಕ್ಕೆ ಎಳೆದಂತಿದ್ದವು: ಇದು ಕರೆಕ್ಟ. ರೆಕ್ಕೆ ಹೀಗೆಯೇ ಇದ್ದು, ಮೈ ಕೆಂಗಂದಾಗಿ ಮುಖದ ಚುಕ್ಕೆ ದುಂಡಗಿದ್ದರೆ ಜೊನೇಟ. ತೊಡಕಿರುವುದು ದಕ್ಷಿಣ ಭಾರತದ ಕ್ಯಾರಿಯೆ ಎಂಬುದರಲ್ಲಿ. ರೆಕ್ಕೆ ಡಾರ್ಸಾಲಿಸ್‌ನದೇ, ವ್ಯತ್ಯಾಸಕ್ಕೆ ತೊಡೆ ನೋಡಬೇಕು. ಕ್ಯಾರಿಯೆಯ ತೊಡೆಗಳ ಮೇಲೆ ಕಪ್ಪು ಮಚ್ಚೆಯುಂಟು, ಡಾರ್ಸಾಲಿಸ್‌ನದು ಬರಿಯ ಹಳದಿ.

ಬೆನ್ನಿನ ಬಣ್ಣವನ್ನು ಮಾತ್ರ ನಂಬಬೇಡಿ. ಪಂಡಿತರೇ ಅದರಿಂದ ಎಡವಿದ್ದಾರೆ. 2003ರಲ್ಲಿ ಕೆನ್ಯಾದಲ್ಲಿ ಕಂಡ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂದು ಹೊಸ ಹೆಸರಿಟ್ಟರು. ಬೆನ್ನು ಕಪ್ಪಿನಿಂದ ಕೆಂಗಂದಿನವರೆಗೆ ಬದಲಾಗುವ ಅದು ಡಾರ್ಸಾಲಿಸ್ಸೇ ಎಂದು 2015ರಲ್ಲಿ ಒಪ್ಪಿ, ಹೆಸರನ್ನು ಕೈಬಿಟ್ಟರು.

ರೈತನಿಗೆ ಇಷ್ಟು ಸೂಕ್ಷ್ಮ ಬೇಕೇ? ಸೀಬೆ, ಮಾವಿನ ತೋಟಕ್ಕೆ ಅಷ್ಟಾಗಿ ಬೇಡ. ಈ ನಾಲ್ಕರ ಗಂಡುಗಳೂ ಮಿಥೈಲ್ ಯೂಜಿನಾಲ್ ಬಲೆಗೆ ಬೀಳುತ್ತವೆ. ತುಳಸಿಯಲ್ಲೂ ಈ ವಸ್ತುವಿದೆ. ಆದರೆ ಹಣ್ಣು ಕಡಲಾಚೆ ಹೋಗುವಾಗ ಒಂದು ಹುಳುವೂ ಲೆಕ್ಕಕ್ಕೆ ಬರುತ್ತದೆ. 2014ರ ಮೇ 1ರಿಂದ ಯುರೋಪ್ ಒಕ್ಕೂಟ ನಮ್ಮ ಮಾವನ್ನೂ, ಹಾಗಲ, ಪಡವಲ, ಬದನೆ, ಕೆಸುವನ್ನೂ ತಡೆಯಿತು. ಸರಕಿನಲ್ಲಿ ಹಣ್ಣಿನ ನೊಣ ಮುಂತಾದ ಕೀಟಗಳು ಸಿಕ್ಕಿದ್ದೇ ಕಾರಣ. ಮಾವಿನ ಮೇಲಿನ ತಡೆ 2015ರ ಜನವರಿಯಲ್ಲಿ ತೆರವಾಯಿತು.

ಸಂದೇಹ ಉಳಿದರೆ ಮಾದರಿಯನ್ನು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಬಹುದು. ಮದ್ಯಸಾರದಲ್ಲಿಟ್ಟರೆ ಹಳದಿ ಬಣ್ಣ ಮಾಸುತ್ತದೆ, ಕೆಲವನ್ನಾದರೂ ಒಣಗಿಸಿಡಿ. ಯಾವ ಹಣ್ಣು, ಯಾವ ಊರು, ಯಾವ ದಿನ ಎಂಬ ಚೀಟಿ ಜೊತೆಗಿರಲಿ. ಚೀಟಿಯಿಲ್ಲದ ನೊಣ ವಿಳಾಸವಿಲ್ಲದ ಕಾಗದದಂತೆ.

ನಮ್ಮ ಪರಿಚಿತರು ಸೀಬೆ ಮರಕ್ಕೆ ಬಲೆ ಕಟ್ಟಿದರು. ಉದುರಿದ ಹಣ್ಣನ್ನು ದಿನವೂ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಟ್ಟರು. ಸಾಕಷ್ಟು ನೊಣ ಬಿದ್ದವು. ಅದೇ ಬಲೆಯನ್ನು ಗೋಡೆಯ ಮೇಲಿನ ಹಾಗಲಬಳ್ಳಿಗೂ ಕಟ್ಟಿ, "ಅಲ್ಲಿ ಒಂದೂ ಬೀಳಲಿಲ್ಲ, ಕಾಯಿ ಮಾತ್ರ ಹುಳುಕಾಗುತ್ತಲೇ ಇದೆ" ಎಂದು ಮತ್ತೆ ಬಂದರು. ಹಾಗಲದ ನೊಣ ಬೇರೆ. ಅದರ ಬೆನ್ನಿನ ಮೇಲೆ ಎರಡಲ್ಲ, ಮೂರು ಹಳದಿ ಪಟ್ಟೆ. ಅದಕ್ಕೆ ಕ್ಯೂ ಲ್ಯೂರ್ ಬಲೆಯೇ ಆಗಬೇಕು.