ಹಿಯರಿಂಗ್ ಏಡ್ ಇದ್ದರೂ ಪಾಠ ಯಾಕೆ ಕೇಳಿಸುವುದಿಲ್ಲ?

ಪ್ರಶ್ನೆ: ನಮ್ಮ ಪಕ್ಕದ ಮನೆಯ ಹುಡುಗಿ ಹಿಯರಿಂಗ್ ಏಡ್ ಹಾಕಿಕೊಳ್ಳುತ್ತಾಳೆ. ಮನೆಯಲ್ಲಿ ಚೆನ್ನಾಗಿ ಮಾತಾಡುವವಳು ತರಗತಿಯಲ್ಲಿ ಹಿಂದುಳಿಯುತ್ತಾಳೆ. ಯಾಕೆ?
– ಓದುಗರು, ಹೊಸಮನೆ, ಭದ್ರಾವತಿ

ಉತ್ತರ: ಹಿಯರಿಂಗ್ ಏಡ್ ಮಾತಿನ ಜೊತೆಗೆ ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದನ್ನೂ ಹೆಚ್ಚಿಸುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ತರಗತಿಯಲ್ಲಿ ಅದಕ್ಕೆ ಗೋಡೆಗಳ ಪ್ರತಿಧ್ವನಿಯೂ ಸೇರುತ್ತದೆ. ಆಗ ಮಗು ಮೇಷ್ಟ್ರ ತುಟಿ ನೋಡುತ್ತದೆ. ಆದರೆ ಪರ, ಬರ, ಮರ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ಬೋರ್ಡಿನ ಕಡೆ ತಿರುಗಿ ಪಾಠ ಹೇಳಿದರೆ ಆ ಆಸರೆಯೂ ತಪ್ಪುತ್ತದೆ.

ಮುಂದಿನ ಬೆಂಚು, ಎದುರು ನಿಂತು ಆಡುವ ಮಾತು, ಬೋರ್ಡಿನ ಮೇಲೆ ಮುಖ್ಯ ಪದಗಳು, ನೋಟ್ಸ್ ತೋರಿಸುವ ಗೆಳತಿ: ಇಷ್ಟಕ್ಕೆ ಖರ್ಚಿಲ್ಲ. ಸಂಜ್ಞಾ ಭಾಷೆ ಕಲಿತರೆ ಮಾತು ನಿಂತುಹೋಗುತ್ತದೆ ಎಂಬ ಭಯ ಬೇಡ. ಮಗುವಿಗೆ ಭಾಷೆ ಬೇಗ ಸಿಗುವುದೇ ಮುಖ್ಯ. ತಕ್ಕ ಭಾಷೆ, ವಿಧಾನಗಳಲ್ಲಿ ಕಲಿಯುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟಿದೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸಿ. ಹೆಚ್ಚಿನ ಪರೀಕ್ಷೆ, ತರಬೇತಿಗೆ 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನೆರೆಯವರಾಗಿ ನೀವೂ ನೆರವಾಗಬಹುದು: ಹಿಂದಿನಿಂದ ಕೂಗಬೇಡಿ, ಎದುರಿಗೆ ಬಂದು ಮಾತಾಡಿಸಿ, ನಿಮ್ಮ ಮಕ್ಕಳನ್ನು ಅವಳ ಜೊತೆ ಆಟಕ್ಕೆ ಕಳಿಸಿ.