ಉಪ್ಪುನೀರಿನ ಮೀನುತೊಟ್ಟಿಯೂ ಅದರ ಸಂಪೂ

ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವ ಸದಸ್ಯ ಬಂಧುಗಳು ಈಚೀಚೆಗೆ ಮೇಜಿನ ಬಳಿ ಕೂಡುವ ಮೊದಲು ಮೂಲೆಯ ಗಾಜಿನ ತೊಟ್ಟಿಯ ಮುಂದೆ ನಿಲ್ಲುತ್ತಾರೆ. ಅದರಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯುಳ್ಳ ಎರಡು ಕ್ಲೌನ್ ಮೀನುಗಳಿವೆ. ಸಿಹಿನೀರಿನ ಮೀನು ಸಾಕಿದವರು ನಮ್ಮಲ್ಲಿ ಹಲವರಿದ್ದಾರೆ. ಕಡಲ ಮೀನಿನ ಮಾತೇ ಬೇರೆ. “ಇದನ್ನು ನಮ್ಮ ಖೋಲಿಯಲ್ಲಿ ಇಟ್ಟುಕೊಳ್ಳಬಹುದೇ? ಕೆಳಗಿನ ಕಪಾಟಿನಲ್ಲಿ ಗೊರಗೊರ ಎನ್ನುವುದೇನು?” ಎಂದು ದಿನಕ್ಕೆ ನಾಲ್ವರಾದರೂ ಕೇಳುತ್ತಾರೆ. ಅವರೆಲ್ಲರಿಗೂ ಒಂದೇ ಸಲ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ನಾವು ಈ ವಿದ್ಯೆಯಲ್ಲಿ ಪಂಡಿತರಲ್ಲ, ಗಿರಣಿಯ ಗುಮಾಸ್ತರು. ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ತಪ್ಪಿನಿಂದಲೇ ಆರಂಭಿಸುವುದು ಒಳ್ಳೆಯದು. ತೊಟ್ಟಿ ಇಟ್ಟ ಎರಡನೆಯ ವಾರ ಒಂದು ರಾತ್ರಿ ವಿದ್ಯುತ್ತು ಹೋಯಿತು. ಬೆಳಿಗ್ಗೆ ಬಾಗಿಲು ತೆಗೆದಾಗ ನೆಲವೆಲ್ಲ ಉಪ್ಪುನೀರು. ಕಪಾಟಿನ ಕೆಳಸಾಲಿನಲ್ಲಿದ್ದ ಹಳೆಯ ಮಾಸಪತ್ರಿಕೆಗಳ ಕಟ್ಟುಗಳು ನೆನೆದು ಮುದ್ದೆಯಾಗಿದ್ದವು. ಕೆಳಮಹಡಿಯ ದರ್ಜಿಯವರ ಅಂಗಡಿಗೆ ನೀರು ಸೋರಿ, ಮದುವೆಗೆಂದು ಹೊಲಿಯಲು ಬಂದಿದ್ದ ಬಟ್ಟೆ ಕಲೆಯಾಗಿತ್ತು. ಬಟ್ಟೆಯ ಬೆಲೆಯನ್ನು ನಾವು ಕೈಯಿಂದ ತೆತ್ತೆವು. “ತೊಟ್ಟಿಯನ್ನು ಇಂದೇ ತೆಗೆದುಬಿಡಿ” ಎಂದರು ಕಾರ್ಯಕಾರಿ ಸಮಿತಿಯವರು. ನಾವು ಒಂದು ತಿಂಗಳ ಅವಕಾಶ ಬೇಡಿದೆವು. ಆ ತಿಂಗಳಲ್ಲಿ ತಿಳಿದುಕೊಂಡದ್ದೇ ಮುಂದಿನ ಸಂಗತಿ.

ಸೋಸುವುದೆಂದರೇನು?

ಮೀನಿನ ಮಲಮೂತ್ರ ಮತ್ತು ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಸಮುದ್ರದ ನೀರು ಕ್ಷಾರಗುಣದ್ದಾದ್ದರಿಂದ ಅಲ್ಲಿ ಈ ವಿಷ ಇನ್ನೂ ಹೆಚ್ಚು ಕೆಲಸ ಮಾಡುತ್ತದೆ. ಕಡಲಿನಲ್ಲಿ ನೀರು ಅಪಾರವಾಗಿರುವುದರಿಂದ ತೊಂದರೆಯಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅದು ದಿನದಿನಕ್ಕೂ ಕೂಡುತ್ತ ಹೋಗುತ್ತದೆ.

ಇದಕ್ಕೆ ಪ್ರಕೃತಿಯೇ ಮದ್ದು ಮಾಡಿಟ್ಟಿದೆ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದರ ಬಾಧೆ ಬಹಳ ಕಡಿಮೆ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಸೂಕ್ಷ್ಮಜೀವಿಗಳ ಕೆಲಸವನ್ನು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟರು. ಇವು ಕಲ್ಲಿನ ರಂಧ್ರಗಳಲ್ಲಿ ಮನೆ ಮಾಡಿಕೊಳ್ಳುತ್ತವೆ. ಇವಕ್ಕೆ ಪ್ರಾಣವಾಯು ಧಾರಾಳವಾಗಿ ಬೇಕು. ಹೆಪ್ಪು ಹಾಕಿದ ಹಾಲು ಬೆಳಗಾಗುವುದರೊಳಗೆ ಮೊಸರಾಗುತ್ತದೆ. ಇಲ್ಲಿ ಹೆಪ್ಪು ಕೂಡಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವೆಂದು ಪರೀಕ್ಷೆಯ ದ್ರಾವಣದಿಂದ ಖಚಿತವಾಗುವ ತನಕ ಮೀನು ತರಬಾರದು. ಮೊದಲ ದಿನವೇ ಮೀನು ತಂದು ಸಾಯಿಸಿದವರೇ ಹೆಚ್ಚು.

ಸಂಪು ಏಕೆ?

ಊರಿನ ಮನೆಗಳಲ್ಲಿ ನೆಲದ ಸಂಪಿನಿಂದ ನೀರನ್ನು ಮೇಲಿನ ಟಾಂಕಿಗೆ ಏರಿಸುತ್ತಾರಲ್ಲವೇ? ಇಲ್ಲಿಯೂ ಹಾಗೆಯೇ. ಮೀನಿರುವ ತೊಟ್ಟಿ ಮೇಲೆ, ಸಂಪು ಕಪಾಟಿನ ಒಳಗೆ. ಮೇಲಿನ ತೊಟ್ಟಿಯ ಹಿಂಬದಿಯ ಅಂಚಿನಲ್ಲಿ ಬಾಚಣಿಗೆಯಂತೆ ಹಲ್ಲುಗಳಿರುವ ಒಂದು ಕಟ್ಟೆ. ಅದನ್ನು ದಾಟಿದ ನೀರು ಕೊಳವೆಯಲ್ಲಿ ತಾನಾಗಿಯೇ ಕೆಳಗಿಳಿಯುತ್ತದೆ. ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಪಂಪು ಎಷ್ಟು ಏರಿಸುತ್ತದೋ ಅಷ್ಟೇ ಇಳಿಯುತ್ತದೆ. ಆದ್ದರಿಂದ ಮೇಲಿನ ಮಟ್ಟ ಸದಾ ಒಂದೇ. ಒಟ್ಟು ನೀರು ಹೆಚ್ಚಾಗುತ್ತದೆ, ಉಪಕರಣಗಳು ಕಣ್ಣಿಗೆ ಬೀಳುವುದಿಲ್ಲ, ಬೀಳುವ ನೀರಿಗೆ ಗಾಳಿ ಸೇರುತ್ತದೆ.

ನಮ್ಮ ತೊಟ್ಟಿ 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. 41 ಸೆಂಟಿಮೀಟರಿನವರೆಗೆ ನೀರು, ಎಂದರೆ ಸುಮಾರು 166 ಲೀಟರು. ಸಂಪು 60 ಉದ್ದ, 30 ಅಗಲ, 40 ಎತ್ತರ. ಅದನ್ನು ಮೂರು ಮನೆಗಳಾಗಿ ವಿಂಗಡಿಸಿದ್ದೇವೆ.

ಮೊದಲನೆಯ ಮನೆ 28 ಸೆಂಟಿಮೀಟರ್. ಇಳಿದ ನೀರು ಇಲ್ಲಿ ಒಂದು ಬಟ್ಟೆಯ ಚೀಲದಲ್ಲಿ ಬೀಳುತ್ತದೆ. ಕಸ ಚೀಲದಲ್ಲಿ ನಿಲ್ಲುತ್ತದೆ. ಮೂರು ದಿನಕ್ಕೊಮ್ಮೆ ಸಾಬೂನು ಮುಟ್ಟಿಸದೆ ತೊಳೆಯಬೇಕು. ಬಿಟ್ಟರೆ ಕಸ ಅಲ್ಲೇ ಕೊಳೆತು ಸೋಸಿದ್ದು ವ್ಯರ್ಥ. ಅದರ ಪಕ್ಕದಲ್ಲೇ ಸ್ಕಿಮ್ಮರ್ ಎಂಬ ಸಾಧನ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ನೊರೆಯನ್ನು ಜಾಲರಿಯಿಂದ ತೆಗೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿದೀತು. ಸ್ಕಿಮ್ಮರ್ ನೀರಿಗೆ ನವುರಾದ ಗಾಳಿಗುಳ್ಳೆ ಬಿಡುತ್ತದೆ. ನೀರಿನಲ್ಲಿ ಕರಗಿದ ಸಾರಜನಕದ ಹೊಲಸು ಗುಳ್ಳೆಗಳಿಗೆ ಅಂಟಿ ನೊರೆಯಾಗಿ ಏರಿ ಮೇಲಿನ ಬಟ್ಟಲಿಗೆ ಬೀಳುತ್ತದೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಬೇಗ ಕೂಡದೆ ಸಣ್ಣವಾಗಿಯೇ ಉಳಿಯುವುದರಿಂದ ಈ ಉಪಾಯ ಕಡಲ ತೊಟ್ಟಿಗೆ ಒಗ್ಗುತ್ತದೆ. ಕೊಳೆಯುವ ಮೊದಲೇ ಹೊಲಸನ್ನು ಹೊರಗೆ ಹಾಕುವುದು ಇದರ ಹೆಚ್ಚುಗಾರಿಕೆ.

ಎರಡನೆಯ ಮನೆ 12 ಸೆಂಟಿಮೀಟರ್. ಇಲ್ಲಿ ಮೂರು ಗಾಜಿನ ಅಡ್ಡಗೋಡೆಗಳು. ನೀರು ಮೊದಲನೆಯದರ ಮೇಲೆ ಹಾದು, ಎರಡನೆಯದರ ಕೆಳಗೆ ನುಸುಳಿ, ಮೂರನೆಯದರ ಮೇಲೆ ಹಾಯುತ್ತದೆ. ಗಾಳಿಗುಳ್ಳೆಗಳು ಇಲ್ಲೇ ಮೇಲೆದ್ದು ಒಡೆಯುತ್ತವೆ.

ಮೂರನೆಯ ಮನೆ 20 ಸೆಂಟಿಮೀಟರ್, ಇಲ್ಲಿ ಪಂಪು. ತೊಟ್ಟಿಯ ನೀರು ಗಂಟೆಗೆ ಮೂರರಿಂದ ಐದು ಸಲ ಸುತ್ತಿದರೆ ಸಾಕು. ಪಂಪಿನ ಡಬ್ಬಿಯ ಮೇಲೆ ಬರೆದ ಲೆಕ್ಕ ಎತ್ತರವಿಲ್ಲದಾಗಿನದು. ನಾಲ್ಕು ಅಡಿ ಏರಿಸುವಾಗ ಬಹಳಷ್ಟು ಕಡಿಮೆಯಾಗುತ್ತದೆ. ಆ ಎತ್ತರಕ್ಕೆ ಗಂಟೆಗೆ 600ರಿಂದ 700 ಲೀಟರು ಕೊಡುವಂಥದ್ದನ್ನು ಕೇಳಿ ಕೊಳ್ಳಬೇಕು.

ನೀರು ಉಕ್ಕದಂತೆ ಲೆಕ್ಕ

ಈಗ ನಮ್ಮ ತಪ್ಪಿಗೆ ಬರೋಣ. ಪಂಪು ನಿಂತೊಡನೆ ಮೇಲೇರಿಸುವ ಕೊಳವೆಯಲ್ಲಿ ನೀರು ಹಿಮ್ಮುಖವಾಗಿ ಹರಿಯುತ್ತದೆ. ಕೊಳವೆಯ ಬಾಯಿ ನೀರಿನೊಳಗೆ ಎಷ್ಟು ಆಳದಲ್ಲಿದೆಯೋ ಅಲ್ಲಿಯವರೆಗೂ ತೊಟ್ಟಿ ಬರಿದಾಗುತ್ತದೆ. ನಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ಸುಮಾರು 4 ಲೀಟರು. ಬಾಯಿ 15 ಸೆಂಟಿಮೀಟರ್ ಆಳದಲ್ಲಿತ್ತು. 60 ಲೀಟರು ಇಳಿಯಿತು. ಸಂಪಿನಲ್ಲಿ ಖಾಲಿಯಿದ್ದದ್ದು ಸುಮಾರು 34 ಲೀಟರಿನಷ್ಟು ಜಾಗ. ಉಳಿದ ಎರಡು ಕೊಡ ನೀರು ದರ್ಜಿಯವರ ಪಾಲಾಯಿತು.

ಈಗ ಕೊಳವೆಯ ಬಾಯನ್ನು 5 ಸೆಂಟಿಮೀಟರಿಗೆ ಎತ್ತಿದ್ದೇವೆ. ಇಳಿಯುವುದು 20 ಲೀಟರು. ಸಂಪಿನಲ್ಲಿ ನೀರು ಸುಮಾರು 11 ಸೆಂಟಿಮೀಟರ್ ಏರಿ ಅಂಚಿಗಿಂತ ಕೆಳಗೇ ನಿಲ್ಲುತ್ತದೆ. ನೀರಿನ ಮಟ್ಟಕ್ಕೆ ತುಸು ಕೆಳಗೆ ಕೊಳವೆಗೆ ಸಣ್ಣ ರಂಧ್ರ ಕೊರೆದು ಗಾಳಿ ಹೋಗುವಂತೆ ಮಾಡುವುದೂ ಉಂಟು, ನಾವೂ ಮಾಡಿದ್ದೇವೆ. ಆದರೆ ಪಾಚಿ ಕಟ್ಟಿದರೆ ಅದು ಮುಚ್ಚಿಹೋಗುತ್ತದೆ. ಹಿಂದಕ್ಕೆ ಬಿಡದ ವಾಲ್ವಿನ ಗತಿಯೂ ಅದೇ. ಸಂಪಿನ ಖಾಲಿ ಜಾಗ ಒಂದೇ ಎಂದೂ ಕೈಕೊಡದ್ದು.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಇಳಿಯುವ ಕೊಳವೆ ಕಟ್ಟಿಕೊಂಡರೆ ಪಂಪು ಮೂರನೆಯ ಮನೆಯ ನೀರನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ಆ ಮನೆಯಲ್ಲಿ ನಾವು ಇಡುವುದು ಸುಮಾರು 11 ಲೀಟರು. ಮೇಲಿನ ತೊಟ್ಟಿಯಲ್ಲಿ ಖಾಲಿಯಿರುವ 4 ಸೆಂಟಿಮೀಟರ್ 16 ಲೀಟರನ್ನು ತಡೆಯುತ್ತದೆ. ಆದ್ದರಿಂದ ಉಕ್ಕುವುದಿಲ್ಲ. ಜೊತೆಗೆ ಇಳಿಯಲು ಎರಡನೆಯ ಕೊಳವೆಯೊಂದನ್ನು ತುಸು ಎತ್ತರದಲ್ಲಿ ಇಡುವುದು ಜಾಣತನ.

ಇನ್ನು ಕೆಲವು ಎಚ್ಚರಿಕೆಗಳು

ನೀರು, ಗಾಜು, ಕಲ್ಲು ಎಲ್ಲ ಸೇರಿ ಭಾರ ಎರಡೂವರೆ ಕ್ವಿಂಟಲಿನ ಸುಮಾರು. ಹಳೆಯ ಕಟ್ಟಡದಲ್ಲಿ ತೊಟ್ಟಿಯನ್ನು ಗೋಡೆಗೆ ಒತ್ತಿ, ತೊಲೆಗಳಿಗೆ ಅಡ್ಡವಾಗಿ ಇಡಬೇಕು. ಮನೆಯ ಯಜಮಾನರನ್ನು ಮೊದಲೇ ಕೇಳಬೇಕು.

ಚೌಪಾಟಿಯ ನೀರನ್ನು ತರಬೇಡಿ. ಅದು ಮಲಿನ, ಮಳೆಗಾಲದಲ್ಲಿ ತಿಳಿಯಾದ ಉಪ್ಪಿನದು. ಅಡಿಗೆಯ ಉಪ್ಪೂ ಸಲ್ಲದು. ಇದಕ್ಕೆಂದೇ ಮಾರುವ ಉಪ್ಪನ್ನು ಆರ್‌ಓ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಮಿನಂತೆ ಕರಗಿಸಬೇಕು. 200 ಲೀಟರಿಗೆ 7 ಕಿಲೋ. ಸಾಪೇಕ್ಷ ಸಾಂದ್ರತೆ 1.025 ಇರಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಪಂಪಿನ ಮನೆಯಲ್ಲಿ ಗೆರೆ ಹಾಕಿಟ್ಟು, ದಿನವೂ ಆ ಗೆರೆಗೆ ಸಿಹಿನೀರನ್ನೇ ತುಂಬಬೇಕು.

ತಾಮ್ರ, ಹಿತ್ತಾಳೆ, ಕಬ್ಬಿಣ ನೀರಿಗೆ ತಾಗಬಾರದು. ಪಿವಿಸಿ ಕೊಳವೆ ಬಳಸಿ. ವಿದ್ಯುತ್ ತಂತಿ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು. ತಂತಿಗುಂಟ ಇಳಿದ ಹನಿ ನೆಲಕ್ಕೆ ಬೀಳಲಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಮೀನಿನ ಜೀವಕ್ಕಿಂತ ಮಕ್ಕಳ ಜೀವ ದೊಡ್ಡದು. ವಿದ್ಯುತ್ತು ಹೋದಾಗ ನೀರಿಗೆ ಗಾಳಿ ಕೊಡಲು ಬ್ಯಾಟರಿಯ ಚಿಕ್ಕ ಪಂಪೊಂದು ಇರಲಿ.

ಭಟ್ಕಳ, ಮುರ್ಡೇಶ್ವರದ ಕಡೆಯ ಬಂಧುಗಳಿಗೆ ನೇತ್ರಾಣಿ ದ್ವೀಪದ ಸುತ್ತ ಹವಳವಿರುವುದು ಗೊತ್ತು. ರಜೆಗೆ ಹೋದಾಗ ಒಂದು ತುಂಡು ತರೋಣವೆಂಬ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು, ತೆಗೆಯುವುದು ಅಪರಾಧ. ಒಣಕಲ್ಲು ಅಥವಾ ಸುಟ್ಟ ಮಣ್ಣಿನ ರಂಧ್ರದ ತುಂಡುಗಳು ಸೂಕ್ಷ್ಮಜೀವಿಗಳಿಗೆ ಸಾಕು. ಮೀನನ್ನೂ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದನ್ನು ಕೇಳಿ ತನ್ನಿ. ಕ್ಲೌನ್ ಮೀನು ಹಾಗೆ ಸಿಗುತ್ತದೆ.

ಕೊನೆಯದಾಗಿ ಒಂದು ಮಾತು. ಮೀನನ್ನೂ ಉಪ್ಪನ್ನೂ ಹಾಕುವ ಮೊದಲು ಬರಿಯ ನಲ್ಲಿನೀರು ತುಂಬಿ, ಪಂಪನ್ನು ನೀವೇ ನಿಲ್ಲಿಸಿ, ಸಂಪಿನಲ್ಲಿ ನೀರು ಎಲ್ಲಿಯವರೆಗೆ ಏರಿತೆಂದು ಗುರುತು ಹಾಕಿ. ಹತ್ತು ಸಲ ಹೀಗೆ ಮಾಡಿ. ನಾವು ಮೊದಲೇ ಇದನ್ನು ಮಾಡಿದ್ದರೆ ಆ ಮಾಸಪತ್ರಿಕೆಗಳು ಇಂದೂ ಕಪಾಟಿನಲ್ಲಿರುತ್ತಿದ್ದವು. ತಿಂಗಳ ಕೊನೆಗೆ ಸಮಿತಿಯವರ ಎದುರಿನಲ್ಲೇ, ದರ್ಜಿಯವರನ್ನೂ ಮೇಲಕ್ಕೆ ಕರೆದು, ಸ್ವಿಚ್ಚು ಆರಿಸಿದೆವು. ನೀರು ಗುರುತಿನವರೆಗೆ ಏರಿ ನಿಂತಿತು. ಆಮೇಲೆ ಎಷ್ಟೋ ಸಲ ವಿದ್ಯುತ್ತು ಹೋಗಿದೆ. ದರ್ಜಿಯವರು ತಲೆಯೆತ್ತಿ ಸೂರು ನೋಡುವುದನ್ನು ಈಗ ಬಿಟ್ಟಿದ್ದಾರೆ.

ತೊಟ್ಟಿ ಇಡಬೇಕೆನ್ನುವವರು ಭಾನುವಾರ ಮಧ್ಯಾಹ್ನ ವಾಚನಾಲಯಕ್ಕೆ ಬರಬಹುದು. ಬರುವಾಗ ನಿಮ್ಮ ಖೋಲಿಯ ಅಳತೆ ಬರೆದು ತನ್ನಿ. ಕೂತು ಲೆಕ್ಕ ಹಾಕೋಣ.